ಪೆಟ್ಟುಗಳಿಗೆ ಬೆಲೆ ಕೊಟ್ಟ ಕಂತು: 'ಡೇರ್‌ಡೆವಿಲ್' ಸರಣಿಯ 'ಕಟ್ ಮ್ಯಾನ್'

ಸೂಪರ್‌ಹೀರೊ ಧಾರಾವಾಹಿಗಳಲ್ಲಿ ನಾಯಕ ತಿನ್ನುವ ಪೆಟ್ಟುಗಳಿಗೆ ಸಾಮಾನ್ಯವಾಗಿ ಬೆಲೆಯೇ ಇರುವುದಿಲ್ಲ. ಮಹಡಿಯಿಂದ ಕೆಳಗೆ ಬಿದ್ದವನು ಮರುಗಳಿಗೆಯಲ್ಲಿ ಬಟ್ಟೆ ಕೊಡವಿಕೊಂಡು ಎದ್ದು ನಿಲ್ಲುತ್ತಾನೆ, ಹಣೆಯ ಮೇಲಿನ ಗೀರು ಮುಂದಿನ ಕಂತಿನ ಹೊತ್ತಿಗೆ ಮಾಸಿಹೋಗಿರುತ್ತದೆ. 'ಡೇರ್‌ಡೆವಿಲ್' ಸರಣಿಯ ಮೊದಲ ಸೀಸನ್ನಿನ ಎರಡನೆಯ ಕಂತು 'ಕಟ್ ಮ್ಯಾನ್' ಈ ರೂಢಿಯನ್ನು ಮುರಿಯಿತು ಎಂಬ ಕಾರಣಕ್ಕೇ ಅದನ್ನು ನಾನು ಈ ಬಗೆಯ ಧಾರಾವಾಹಿಗಳ ಅತ್ಯುತ್ತಮ ಕಂತುಗಳಲ್ಲಿ ಒಂದೆಂದು ಎಣಿಸುತ್ತೇನೆ. ಅದರಲ್ಲಿ ದೋಷಗಳೂ ಇವೆ. ಆ ದೋಷಗಳೆಲ್ಲ ಬಹುಮಟ್ಟಿಗೆ ಒಂದೇ ಕಡೆಯಿಂದ ಬಂದವು: ಪೆಟ್ಟು ತಿಂದ ಮೈಗೆ ನೋವಾಗುತ್ತದೆ ಎಂಬ ನಿಯಮವನ್ನು ತಾನೇ ಹಾಕಿಕೊಂಡು, ಕೆಲವೆಡೆ ಅದನ್ನು ತಾನೇ ಮರೆಯುತ್ತದೆ. ಕಥೆಯನ್ನು ಪೂರ್ತಿಯಾಗಿ ಚರ್ಚಿಸುತ್ತಿರುವುದರಿಂದ, ಇನ್ನೂ ನೋಡದವರು ಕಂತನ್ನು ನೋಡಿದ ಮೇಲೆ ಓದುವುದು ಒಳ್ಳೆಯದು.

ಸರಣಿಯ ಮೊದಲ ಸೀಸನ್ನಿನ 13 ಕಂತುಗಳು 2015ರ ಏಪ್ರಿಲ್ 10ರಂದು ಒಟ್ಟಿಗೇ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದವು. ಈ ಕಂತನ್ನು ಬರೆದವರು ಸರಣಿಯನ್ನು ರೂಪಿಸಿದ ಡ್ರೂ ಗಾಡರ್ಡ್, ನಿರ್ದೇಶಿಸಿದವರು ಫಿಲ್ ಅಬ್ರಹಾಂ. ನಾಯಕ ಮ್ಯಾಟ್ ಮರ್ಡಾಕ್ ಹಗಲಿನಲ್ಲಿ ವಕೀಲ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡಿದ್ದರೂ ಉಳಿದ ಇಂದ್ರಿಯಗಳು ಅಸಾಧಾರಣವಾಗಿ ಚುರುಕಾಗಿರುವ ಅವನು ರಾತ್ರಿಯ ಹೊತ್ತು ಕಪ್ಪು ಬಟ್ಟೆ ತೊಟ್ಟು, ನ್ಯೂಯಾರ್ಕಿನ ಹೆಲ್ಸ್ ಕಿಚನ್ ಬಡಾವಣೆಯಲ್ಲಿ ಅಪರಾಧಿಗಳನ್ನು ಬೆನ್ನಟ್ಟುತ್ತಾನೆ. ಮೊದಲ ಕಂತಿನ ಕೊನೆಯಲ್ಲಿ ರಷ್ಯನ್ ತಂಡವೊಂದು ತಂದೆಯ ಕಣ್ಣೆದುರೇ ಪುಟ್ಟ ಹುಡುಗನೊಬ್ಬನನ್ನು ಎತ್ತಿಕೊಂಡು ಹೋಗಿರುತ್ತದೆ. ಎರಡನೆಯ ಕಂತು ಆರಂಭವಾಗುವಾಗ ಮ್ಯಾಟ್ ಸೋತುಬಿಟ್ಟಿದ್ದಾನೆ. ಹುಡುಗನನ್ನು ಮುಂದಿಟ್ಟು ಒಡ್ಡಿದ ಬಲೆಗೆ ಬಿದ್ದು, ಮೈತುಂಬ ಇರಿತ ತಿಂದು, ಕಸದ ತೊಟ್ಟಿಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾನೆ. ಆ ಸೋಲಿನ ಹೊಡೆದಾಟವನ್ನು ತೋರಿಸದೆ, ಅದರ ಪರಿಣಾಮವನ್ನು ಮಾತ್ರ ಮುಂದಿಟ್ಟದ್ದು ಬಹಳ ಸರಿಯಾದ ನಿರ್ಧಾರ. ನಾಯಕನ ಶಕ್ತಿ ಎಷ್ಟೆಂದು ಪ್ರೇಕ್ಷಕರಿಗೆ ಇನ್ನೂ ಸರಿಯಾಗಿ ಗೊತ್ತಾಗುವ ಮೊದಲೇ ಅವನ ಮಿತಿ ಎಷ್ಟೆಂಬುದು ಗೊತ್ತಾಗುತ್ತದೆ.

ಈ ಕಂತಿನ ಬಗ್ಗೆ ಮಾತನಾಡುವವರೆಲ್ಲ ಕೊನೆಯ ಕಾರಿಡಾರ್ ಹೊಡೆದಾಟದಿಂದಲೇ ಮಾತು ಶುರುಮಾಡುತ್ತಾರೆ, ಅದು ನ್ಯಾಯವೂ ಹೌದು. ಇಕ್ಕಟ್ಟಾದ ಕಾರಿಡಾರ್, ಎರಡೂ ಬದಿಯಲ್ಲಿ ಬಾಗಿಲುಗಳು, ಮಬ್ಬಾದ ಹಳದಿ ಬೆಳಕು. ಕ್ಯಾಮೆರಾ ಆ ಕಾರಿಡಾರ್ ಬಿಟ್ಟು ಕದಲದೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತ, ಇಡೀ ಹೊಡೆದಾಟವನ್ನು ಒಂದೇ ಶಾಟ್‌ನಂತೆ ಹಿಡಿದಿಡುತ್ತದೆ. ಸಾಹಸ ಸಂಯೋಜಕ ಫಿಲಿಪ್ ಸಿಲ್ವೇರಾ, ಛಾಯಾಗ್ರಾಹಕ ಮ್ಯಾಟ್ ಲಾಯ್ಡ್, ನಟ ಚಾರ್ಲಿ ಕಾಕ್ಸ್ ಮತ್ತು ಅವರ ಬದಲಿಗೆ ಸಾಹಸ ಮಾಡಿದ ಕ್ರಿಸ್ ಬ್ರೂಸ್ಟರ್ ಇಷ್ಟು ಜನರ ಶ್ರಮ ಆ ಕೆಲವು ನಿಮಿಷಗಳ ಹಿಂದಿದೆ. ಆದರೆ ಶಾಟ್ ತುಂಡಾಗಲಿಲ್ಲ ಎಂಬ ತಾಂತ್ರಿಕ ಹೆಚ್ಚುಗಾರಿಕೆಯೊಂದೇ ಅದನ್ನು ದೊಡ್ಡದು ಮಾಡಲಾರದು. ಶಾಟ್ ತುಂಡಾಗದ ಕಾರಣ ಸುಸ್ತನ್ನು ಮುಚ್ಚಿಡುವ ದಾರಿಯೇ ಇಲ್ಲವಾಗುತ್ತದೆ, ಅದೇ ಅದರ ನಿಜವಾದ ಲಾಭ. ಬೇರೆಡೆ ಸಂಕಲನವು ಪೆಟ್ಟು ಮತ್ತು ಪೆಟ್ಟಿನ ನಡುವಿನ ಏದುಸಿರನ್ನು ಕತ್ತರಿಸಿ ಎಸೆಯುತ್ತದೆ. ಇಲ್ಲಿ ಆ ಏದುಸಿರೇ ದೃಶ್ಯದ ಅರ್ಧಭಾಗ. ಒಬ್ಬನನ್ನು ಕೆಡವಿದ ಮ್ಯಾಟ್, ಮೂಟೆ ಇಳಿಸಿದ ಹಮಾಲಿಯಂತೆ ಗೋಡೆಗೆ ಒರಗಿ ನಿಲ್ಲುತ್ತಾನೆ. ಅವನು ಎತ್ತಿದ ಕೈಯಲ್ಲಿ ಬಲವಿಲ್ಲ, ಕಾಲು ತಡವರಿಸುತ್ತದೆ. ಕೆಳಗೆ ಬಿದ್ದವರು ಬಿದ್ದಲ್ಲೇ ಇರುವುದಿಲ್ಲ, ತೆವಳಿಕೊಂಡು ಮತ್ತೆ ಎದ್ದು ಬರುತ್ತಾರೆ. ಒಂದೇ ಗುದ್ದಿಗೆ ಎದುರಾಳಿ ನಿದ್ದೆ ಹೋಗುವ ಸುಳ್ಳನ್ನು ಆ ದೃಶ್ಯ ಒಪ್ಪುವುದಿಲ್ಲ, ಹಾಗಾಗಿ ಪ್ರತಿಯೊಬ್ಬನನ್ನೂ ಎರಡೆರಡು ಸಲ ಸೋಲಿಸಬೇಕಾಗುತ್ತದೆ.

ಅದಕ್ಕಿಂತಲೂ ನನಗೆ ಹಿಡಿಸಿದ್ದು ಆ ದೃಶ್ಯದಲ್ಲಿ ನಮ್ಮಿಂದ ಮರೆಮಾಡಿರುವ ಭಾಗ. ಮ್ಯಾಟ್ ಕೋಣೆಯೊಂದಕ್ಕೆ ನುಗ್ಗಿದಾಗ ಕ್ಯಾಮೆರಾ ಅವನ ಹಿಂದೆ ಹೋಗದೆ ಹೊರಗೇ ನಿಲ್ಲುತ್ತದೆ. ನಮಗೆ ಕಾಣುವುದು ಖಾಲಿ ಕಾರಿಡಾರ್, ಕೇಳುವುದು ಒಳಗಿನ ಗುದ್ದು, ಒಡೆಯುವ ಸಾಮಾನು, ನರಳಾಟ. ಆಮೇಲೆ ಬಾಗಿಲಿನಿಂದ ಒಬ್ಬ ಮನುಷ್ಯ ಹೊರಗೆ ಬೀಳುತ್ತಾನೆ, ಮೈಕ್ರೋವೇವ್ ಒಂದು ಹಾರಿ ಬಂದು ಇನ್ನೊಬ್ಬನಿಗೆ ಬಡಿಯುತ್ತದೆ. ಗೋಡೆಯಾಚೆ ನಡೆಯುತ್ತಿರುವುದನ್ನು ಕಿವಿಯಿಂದಲೇ ತಿಳಿದುಕೊಳ್ಳಬೇಕಾದ ಸ್ಥಿತಿಯಲ್ಲಿ ನಾಯಕ ಸದಾ ಇರುತ್ತಾನೆ, ಆ ಹೊತ್ತಿಗೆ ಪ್ರೇಕ್ಷಕರೂ ಅದೇ ಸ್ಥಿತಿಯಲ್ಲಿರುತ್ತಾರೆ. ಕುರುಡು ನಾಯಕನೊಬ್ಬ ಲೋಕವನ್ನು ಗ್ರಹಿಸುವ ಬಗೆಯನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ವಿವರಿಸುವುದಕ್ಕಿಂತ ಇದು ಎಷ್ಟೋ ಪಾಲು ಮೇಲು. ಅಬ್ಬರದ ಸಂಗೀತವನ್ನು ದೂರವಿಟ್ಟದ್ದು ಇದಕ್ಕೆ ನೆರವಾಗಿದೆ.

ಇಲ್ಲೊಂದು ಸಂಗತಿಯನ್ನು ಹೇಳಲೇಬೇಕು. ಕುರುಡು ನಾಯಕನ ಈ ಸರಣಿ ಬಿಡುಗಡೆಯಾದ ದಿನ ಅದರಲ್ಲಿ ದೃಷ್ಟಿಹೀನ ಪ್ರೇಕ್ಷಕರಿಗೆ ಬೇಕಾದ, ತೆರೆಯ ಮೇಲೆ ಕಾಣುವುದನ್ನು ಮಾತಿನಲ್ಲಿ ಹೇಳುವ ಆಡಿಯೊ ವಿವರಣೆಯೇ ಇರಲಿಲ್ಲ. ಆಕ್ಷೇಪಗಳು ಬಂದ ಮೇಲೆ, ಕೆಲವೇ ದಿನಗಳಲ್ಲಿ, ನೆಟ್‌ಫ್ಲಿಕ್ಸ್ ಆ ಸೌಲಭ್ಯವನ್ನು ಒದಗಿಸಿತು ಮತ್ತು ಆ ಸಂಸ್ಥೆಯ ಆಡಿಯೊ ವಿವರಣೆ ಆರಂಭವಾದದ್ದೇ ಈ ಸರಣಿಯಿಂದ. ಶಬ್ದವನ್ನೇ ನಂಬಿ ಕಟ್ಟಿದ ಇಂಥ ದೃಶ್ಯಗಳು ಆ ಪ್ರೇಕ್ಷಕರಿಗೆ ಮೊದಲ ದಿನದಿಂದಲೇ ಪೂರ್ತಿಯಾಗಿ ಸಿಗಬೇಕಾಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಿಡಾರ್ ಮುಟ್ಟುವವರೆಗಿನ ದಾರಿಯಲ್ಲಿ ಕಂತನ್ನು ಹೊತ್ತು ನಡೆಸುವವಳು ನರ್ಸ್ ಕ್ಲೇರ್ ಟೆಂಪಲ್. ರೊಸಾರಿಯೊ ಡಾಸನ್ ಈ ಪಾತ್ರದಲ್ಲಿ ಮೊದಲ ಬಾರಿ ಕಾಣಿಸಿಕೊಳ್ಳುವುದು ಇಲ್ಲೇ. ಗಾಯಾಳುವನ್ನು ತನ್ನ ಮನೆಯ ಸೋಫಾದ ಮೇಲೆ ಮಲಗಿಸಿಕೊಂಡ ಅವಳು ಮೊದಲು ಮಾಡುವುದು ತನಗೆ ಗೊತ್ತಿರುವ ಕೆಲಸವನ್ನು. ಗಾಯಗಳನ್ನು ಹೊಲಿಯುತ್ತಾಳೆ, ಕಣ್ಣು ಬೆಳಕಿಗೆ ಸ್ಪಂದಿಸುತ್ತಿಲ್ಲವೆಂಬುದನ್ನು ಗಮನಿಸಿ ಅವನು ಕುರುಡನೆಂದು ಊಹಿಸುತ್ತಾಳೆ, ಉಸಿರು ಕಟ್ಟಿದಾಗ ಎದೆಗೆ ಸೂಜಿ ಚುಚ್ಚಿ ಶ್ವಾಸಕೋಶವನ್ನು ಒತ್ತುತ್ತಿದ್ದ ಗಾಳಿಯನ್ನು ಹೊರಬಿಡುತ್ತಾಳೆ. ಅವಳ ಧೈರ್ಯವನ್ನು ಭಾಷಣದಲ್ಲಿ ಹೇಳಿಸದೆ, ಕೈಕೆಲಸದಲ್ಲಿ ತೋರಿಸಿರುವುದು ಬರವಣಿಗೆಯ ಹೆಚ್ಚುಗಾರಿಕೆ. ಅವನು ಹೆಸರು ಹೇಳಲು ಒಪ್ಪದಿದ್ದಾಗ ಅವಳೇ 'ಮೈಕ್' ಎಂದು ಕರೆಯಲು ನಿರ್ಧರಿಸುತ್ತಾಳೆ. ಹಳೆಯ ಕಾಮಿಕ್ಸ್‌ನಲ್ಲಿ ಮ್ಯಾಟ್ ತನಗೆ ಮೈಕ್ ಎಂಬ ಅವಳಿ ಸಹೋದರನಿದ್ದಾನೆಂದು ನಂಬಿಸಿದ್ದ ಪ್ರಸಂಗವನ್ನು ಓದಿದವರಿಗೆ ಇದು ಸಣ್ಣದೊಂದು ಸಂತೋಷ, ಓದದವರಿಗೂ ಇದರಿಂದ ತೊಡಕಿಲ್ಲ. ತಿಳಿದವರಿಗಾಗಿ ಸುಳಿವು ಇಡುವುದಾದರೆ ಇಷ್ಟು ಹಗುರವಾಗಿಯೇ ಇಡಬೇಕು.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಶ್ವಾಸಕೋಶ ಕುಸಿದು ಸಾಯುವ ಸ್ಥಿತಿಗೆ ಹೋಗಿದ್ದವನು ಅದೇ ರಾತ್ರಿ ಮಹಡಿ ಹತ್ತಿ, ಮನುಷ್ಯನೊಬ್ಬನನ್ನು ಮೇಲಕ್ಕೆ ಸಾಗಿಸಿ, ಅನಂತರ ಒಂದು ತಂಡವನ್ನೇ ಬಗ್ಗುಬಡಿಯುತ್ತಾನೆ. ಕಾರಿಡಾರಿನಲ್ಲಿ ಅವನ ಆಯಾಸ ನಂಬುವಂತಿದೆ, ಆದರೆ ಆ ಕಾರಿಡಾರಿಗೆ ಬಂದು ತಲುಪಿದ್ದನ್ನೇ ನಂಬುವುದು ಕಷ್ಟ. ಕಲ್ಪನೆಯ ಕಥೆಯಲ್ಲಿ ಇಷ್ಟು ಲೆಕ್ಕ ಹಾಕಬೇಕೇ ಎಂದು ಕೆಲವರು ಕೇಳಬಹುದು. ಬೇರೆ ಯಾವುದೇ ಸೂಪರ್‌ಹೀರೊ ಕಥೆಯಾಗಿದ್ದರೆ ನಾನು ಕೇಳುತ್ತಿರಲಿಲ್ಲ. ಸೂಜಿ ಚುಚ್ಚುವ ವಿವರವನ್ನೂ ಬಿಡದೆ ತೋರಿಸಿ ಗಾಯದ ಗಾಂಭೀರ್ಯವನ್ನು ನಂಬಿಸಿದ ಕಂತು ಇದಾದ್ದರಿಂದಲೇ ಆ ಪ್ರಶ್ನೆ ಏಳುತ್ತದೆ. ಒಂದು ಹಗಲು ಕಳೆಯಿತೆಂದು ತೋರಿಸಿದ್ದರೂ ಸಾಕಿತ್ತು.

ಇನ್ನೂ ದೊಡ್ಡ ತೊಡಕು ಮಹಡಿಯ ಮೇಲಿನ ದೃಶ್ಯದಲ್ಲಿದೆ. ಪೊಲೀಸ್ ಅಧಿಕಾರಿಯ ಸೋಗಿನಲ್ಲಿ ಮನೆಮನೆಯ ಬಾಗಿಲು ತಟ್ಟುತ್ತಿರುವ ರಷ್ಯನ್ ತಂಡದವನೊಬ್ಬನನ್ನು ಮ್ಯಾಟ್ ದೂರದಿಂದಲೇ ವಾಸನೆಯಿಂದ ಪತ್ತೆಹಚ್ಚುತ್ತಾನೆ, ಮೆಟ್ಟಿಲುಗಳ ನಡುವಿನ ಸಂದಿಯಿಂದ ಬೆಂಕಿ ಆರಿಸುವ ಸಿಲಿಂಡರನ್ನು ಅವನ ತಲೆಯ ಮೇಲೆ ಬೀಳಿಸುತ್ತಾನೆ. ಅಲ್ಲಿಯವರೆಗೆ ದೃಶ್ಯ ಬಿಗಿಯಾಗಿದೆ. ಅನಂತರ ಅವನನ್ನು ಕಟ್ಟಿಹಾಕಿ ಹುಡುಗನನ್ನು ಇಟ್ಟಿರುವ ಜಾಗವನ್ನು ತಿಳಿಯಲು ಚಿತ್ರಹಿಂಸೆ ಕೊಡುತ್ತಾರೆ. ಕಣ್ಣಿನ ಬಳಿ ಯಾವ ನರಕ್ಕೆ ಚುಚ್ಚಿದರೆ ಹೆಚ್ಚು ನೋವಾಗುತ್ತದೆಂದು ಹೇಳಿಕೊಡುವವಳು ಕ್ಲೇರ್. ಗುಣಪಡಿಸುವ ವಿದ್ಯೆ ಹೀಗೆ ತಿರುಗಿ ನಿಂತದ್ದು ನಾಟಕೀಯವಾಗಿ ಬಹಳ ಸಮರ್ಥವಾದ ಗಳಿಗೆ. ಹಿಂಸೆ ಕೊಡುವುದರಲ್ಲಿ ತನಗೆ ಸಂತೋಷವಿದೆ ಎಂದು ಮ್ಯಾಟ್ ಆ ಮನುಷ್ಯನಿಗೆ ಹೇಳುತ್ತಾನೆ. ಅದು ಹೆದರಿಸಲು ಹೇಳಿದ ಮಾತೇ, ನಿಜವೇ ಎಂಬ ಅನುಮಾನ ಕ್ಲೇರ್‌ಗೂ ನಮಗೂ ಉಳಿಯುತ್ತದೆ. ಆದರೆ ಕಂತು ಆ ಅನುಮಾನದ ಜೊತೆ ಇರಲು ಬಿಡುವುದಿಲ್ಲ. ಹಿಂಸೆ ಕೊಟ್ಟ ಕೂಡಲೇ ಸರಿಯಾದ ವಿಳಾಸ ಸಿಗುತ್ತದೆ, ಹುಡುಗ ಸಿಗುತ್ತಾನೆ. ಚಿತ್ರಹಿಂಸೆಗೆ ಇಷ್ಟು ನೇರವಾದ, ಇಷ್ಟು ನಿಖರವಾದ ಫಲ ಕೊಡುವುದು ಟೆಲಿವಿಷನ್ನಿನ ಹಳೆಯ ಕೆಟ್ಟ ಅಭ್ಯಾಸ. ಅದರ ಮೇಲೆ, ಮಹಡಿಯಿಂದ ಕೆಳಗೆ ಎಸೆದರೂ ಅವನ ಜೀವ ಹೋಗುವುದಿಲ್ಲ, ಹೀಗಾಗಿ ನಾಯಕ ಕೊಲೆಗಾರನಲ್ಲ ಎಂಬ ಲೆಕ್ಕ ಉಳಿಯುತ್ತದೆ. ನಾಯಕನ ಗಾಯವನ್ನು ಇಷ್ಟು ನಿಷ್ಠೆಯಿಂದ ತೋರಿಸಿದವರು ನಾಯಕ ಮಾಡಿದ ಗಾಯವನ್ನು ಕೈತೊಳೆದು ಬಿಟ್ಟದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಮ್ಯಾಟ್‌ನ ಒಳಗಿನ ಈ ಕತ್ತಲೆಯನ್ನು ಸರಣಿ ಮುಂದಿನ ಕಂತುಗಳಲ್ಲಿ ಪಾದ್ರಿಯೊಂದಿಗಿನ ಮಾತುಕತೆಯ ಮೂಲಕ ಗಂಭೀರವಾಗಿಯೇ ಎದುರಿಸುತ್ತದೆ, ಆದರೆ ಆ ಕೆಲಸದ ಮೊದಲ ಹೆಜ್ಜೆ ಇಲ್ಲೇ ಆಗಬೇಕಿತ್ತು.

ಕಥೆಯ ನಡುನಡುವೆ ಬರುವ ಬಾಲ್ಯದ ದೃಶ್ಯಗಳದ್ದು ಬೇರೆ ಬಗೆಯ ಸೊಗಸು. ಮ್ಯಾಟ್‌ನ ತಂದೆ ಜ್ಯಾಕ್ ಮರ್ಡಾಕ್ ಗೆಲುವಿಗಿಂತ ಸೋಲೇ ಹೆಚ್ಚು ಕಂಡ ಬಾಕ್ಸರ್. ಪಂದ್ಯದ ವಿರಾಮದಲ್ಲಿ ಬಾಕ್ಸರ್‌ನ ಗಾಯಗಳಿಗೆ ಆರೈಕೆ ಮಾಡುವವನನ್ನು 'ಕಟ್ ಮ್ಯಾನ್' ಎನ್ನುತ್ತಾರೆ. ಈ ಮನೆಯಲ್ಲಿ ತಂದೆಯ ಹರಿದ ಹುಬ್ಬನ್ನು ಹೊಲಿಯುವವನು ಪುಟ್ಟ ಮ್ಯಾಟ್. ಹಣ ಪಡೆದು ಸೋಲಬೇಕೆಂದು ಜೂಜುಕೋರರು ಒತ್ತಾಯಿಸಿದ ಪಂದ್ಯದಲ್ಲಿ ಜ್ಯಾಕ್ ಗೆಲ್ಲಲು ನಿರ್ಧರಿಸುತ್ತಾನೆ, ತನ್ನ ಗೆಲುವಿನ ಮೇಲೆಯೇ ಪಣ ಕಟ್ಟಿ ಆ ಹಣ ಮಗನಿಗೆ ಸೇರುವಂತೆ ಏರ್ಪಾಡು ಮಾಡುತ್ತಾನೆ, ಮುಂದಾಗುವುದು ಏನೆಂದು ಗೊತ್ತಿದ್ದೂ ರಿಂಗಿಗೆ ಇಳಿಯುತ್ತಾನೆ. ಸೋಲಲು ಒಪ್ಪಿದ ಬಾಕ್ಸರ್ ಮನಸ್ಸು ಬದಲಿಸುವ ಕಥೆ ಹಳೆಯದು, ಬರವಣಿಗೆ ಅದಕ್ಕೆ ಹೊಸದೇನನ್ನೂ ಸೇರಿಸಿಲ್ಲ. ಆದರೂ ನಟ ಜಾನ್ ಪ್ಯಾಟ್ರಿಕ್ ಹೇಡನ್ ಅವರ ದಣಿದ ಮುಖ ಮತ್ತು ತಗ್ಗಿದ ದನಿ ಅದನ್ನು ಎತ್ತಿ ಹಿಡಿದಿವೆ. ಕೊಲೆಯಾದ ತಂದೆಯ ಮುಖವನ್ನು ಹುಡುಗ ಬೆರಳುಗಳಿಂದ ಮುಟ್ಟಿ ಗುರುತಿಸುವ ದೃಶ್ಯದಲ್ಲಿ, ತಾನು ಹೊಲಿದ ಮುಖವೇ ಅದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮ್ಯಾಟ್‌ನ ಗೆಳೆಯ ಹಾಗೂ ಜೊತೆ ವಕೀಲ ಫಾಗಿ ಮತ್ತು ಅವರ ಕಚೇರಿಯ ಕರೆನ್ ಪೇಜ್ ರಾತ್ರಿಯಿಡೀ ಕುಡಿದು ತಿರುಗುವ ಉಪಕಥೆ ಮಾತ್ರ ಕಂತಿನ ದುರ್ಬಲ ಭಾಗ. ಮೊದಲ ಕಂತಿನಲ್ಲಿ ಕೊಲೆಯ ಯತ್ನದಿಂದ ಪಾರಾದ ಕರೆನ್‌ಗೆ ತನ್ನ ಮನೆಯಲ್ಲಿ ಇರಲು ಭಯ. ಆ ಭಯವೂ ಒಂದು ಗಾಯವೇ ಆದ್ದರಿಂದ ಮುಖ್ಯ ಕಥೆಗೆ ಹೊಂದುವ ಎಳೆ ಅಲ್ಲಿತ್ತು. ಆದರೆ ಎರಡು ಮಾತಿನಲ್ಲಿ ಅದನ್ನು ಮುಟ್ಟಿ ಬಿಟ್ಟು, ಉಳಿದ ಹೊತ್ತನ್ನು ಹಗುರ ಹಾಸ್ಯಕ್ಕೆ ಕೊಡಲಾಗಿದೆ. ಒಂದೆಡೆ ಸಾವಿನ ಅಂಚಿನಲ್ಲಿರುವ ಮ್ಯಾಟ್, ಇನ್ನೊಂದೆಡೆ ಅವನ ಮನೆಯ ಬಾಗಿಲಲ್ಲಿ ಅಮಲಿನಲ್ಲಿ ಕೂಗುವ ಗೆಳೆಯರು ಎಂಬ ವೈದೃಶ್ಯ ಕಾಗದದ ಮೇಲೆ ಚೆನ್ನಾಗಿದ್ದಿರಬೇಕು, ತೆರೆಯ ಮೇಲೆ ಪ್ರತಿಸಲವೂ ಅದು ಬಿಗಿಯನ್ನು ಸಡಿಲಿಸುತ್ತದೆ.

ರಷ್ಯನ್ನರಿಗೆ ಈ ಕಂತಿನಲ್ಲಿ ಉಚ್ಚಾರಣೆಯ ಹೊರತು ಬೇರೆ ಗುರುತಿಲ್ಲ. ಅವರ ಮುಖಂಡರಿಗೆ ಮನುಷ್ಯರೂಪ ಬರುವುದು ಮುಂದೆ, ಹಾಗಾಗಿ ಅದನ್ನು ಹೆಚ್ಚು ಎತ್ತಿ ಆಡುವುದಿಲ್ಲ. ಆದರೆ ಹುಡುಗನ ವಿಷಯದಲ್ಲಿ ಆ ವಿನಾಯಿತಿ ಕೊಡಲಾರೆ. ಇಡೀ ಕಂತು ಅವನಿಗಾಗಿ ನಡೆಯುತ್ತದೆ. ಅವನಿಗಾಗಿಯೇ ಒಬ್ಬ ಸಾಯಲು ಸಿದ್ಧನಾಗುತ್ತಾನೆ, ಒಬ್ಬ ನರ್ಸ್ ತನ್ನ ವೃತ್ತಿಧರ್ಮವನ್ನು ಮೀರುತ್ತಾಳೆ. ಅಷ್ಟಾದರೂ ಅವನ ಹೆಸರು ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ, ಅವನಿಗೆ ಸ್ವಭಾವವೆಂಬುದೇ ಇಲ್ಲ, ಮೊದಲ ಕಂತಿನಲ್ಲಿ ಪೆಟ್ಟು ತಿಂದು ಬಿದ್ದಿದ್ದ ಅವನ ತಂದೆಯನ್ನು ಇಲ್ಲಿ ಯಾರೂ ನೆನೆಯುವುದಿಲ್ಲ. ಮ್ಯಾಟ್ ಮತ್ತು ಜ್ಯಾಕ್‌ರ ಕಥೆಯನ್ನು ಇಷ್ಟು ಪ್ರೀತಿಯಿಂದ ಹೇಳಿದ ಕಂತಿನಲ್ಲಿ ಇನ್ನೊಂದು ತಂದೆ-ಮಗನ ಜೋಡಿ ಕಣ್ಣೆದುರೇ ಇತ್ತು. ಆ ತಂದೆಗೆ ಅರ್ಧ ನಿಮಿಷದ ಒಂದು ದೃಶ್ಯ ಕೊಡಲು ಫಾಗಿಯ ಕುಡಿತದ ಸನ್ನಿವೇಶಗಳಲ್ಲಿ ಒಂದನ್ನು ಕೈಬಿಟ್ಟಿದ್ದರೆ ಸಾಕಾಗುತ್ತಿತ್ತು.