41ಕ್ಕೆ 25

2024ರ ಮೇ 9, ಗುರುವಾರ. ಮಂಗಳವಾರ ಲೋಕಸಭೆ ಚುನಾವಣೆಯ ಡ್ಯೂಟಿ ಇತ್ತು. ಮತಯಂತ್ರ ಒಪ್ಪಿಸಿ ಮನೆ ಸೇರುವಾಗ ನಡುರಾತ್ರಿ ದಾಟಿತ್ತು. ಆ ನಿದ್ದೆಯೇ ಇನ್ನೂ ಕಣ್ಣಿಂದ ಇಳಿದಿರಲಿಲ್ಲ, ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ.

ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಬೇಸಿಗೆ ರಜೆ ಇದ್ದರೂ ಫಲಿತಾಂಶದ ದಿನ ನಾವೆಲ್ಲ ಶಾಲೆಗೆ ಹೋಗುತ್ತೇವೆ. ಬರಬೇಕು ಅಂತ ಯಾರೂ ಆರ್ಡರ್ ಮಾಡುವುದಿಲ್ಲ. ಮನೆಯಲ್ಲಿ ಕೂತರೆ ಚಡಪಡಿಕೆ, ಅದಕ್ಕೆ ಹೋಗುವುದು. ಹತ್ತು ಗಂಟೆಗೆಲ್ಲ ಎಚ್ಚೆಮ್ ಕೋಣೆಯಲ್ಲಿ ಆರು ಜನ ಸೇರಿದ್ದೆವು. ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಹೊರಗೆ ಬೇವಿನ ಮರದ ಕೆಳಗೆ ಹುಡುಗರ ಗುಂಪು. ಒಂದೇ ಮೊಬೈಲಿನ ಮೇಲೆ ಹತ್ತು ತಲೆ.

ವೆಬ್‌ಸೈಟ್ ಮೊದಲು ತೆರೆಯಲಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ರಾಜ್ಯದ ಫಲಿತಾಂಶ ಬಂತು. ಶೇ 73.40. ಹಿಂದಿನ ವರ್ಷ ಶೇ 83.89 ಇತ್ತು. ಉಡುಪಿ ಮೊದಲ ಸ್ಥಾನ, ಶೇ 94. ಯಾದಗಿರಿ ಕೊನೆ, ಶೇ 50.59. ನಮ್ಮ ಜಿಲ್ಲೆಯ ಹೆಸರು ಹುಡುಕಲು ಪಟ್ಟಿಯನ್ನು ಕೆಳಗಿನಿಂದ ಓದಬೇಕು ಅಂತ ನಮಗೆಲ್ಲ ಗೊತ್ತು. ಹಾಗೇ ಓದಿದೆವು.

ಆಮೇಲೆ ನಮ್ಮ ಶಾಲೆಯದು ತೆರೆಯಿತು. ಎಚ್ಚೆಮ್ ಒಂದೊಂದೇ ಹೆಸರು ಓದುತ್ತಾ ಹೋದರು. ನಾನು ಹಾಳೆಯಲ್ಲಿ ಗೆರೆ ಎಳೆಯುತ್ತಾ ಹೋದೆ. ನಾಲ್ಕು ಗೆರೆ, ಅಡ್ಡ ಒಂದು. ಐದು ಕಟ್ಟು ಆಯಿತು. ಆರನೆಯದು ಶುರುವಾಗಲೇ ಇಲ್ಲ. ಬರೆದವರು 41, ಪಾಸಾದವರು 25.

"ಎಷ್ಟಾಯ್ತು ಮೇಷ್ಟ್ರೇ?" ಅಂದರು ಎಚ್ಚೆಮ್.

"60.98."

ಅವರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ಸದ್ಯ, ಅರವತ್ತು ದಾಟ್ತು."

ಈ ಅರವತ್ತು ಯಾಕೆ ಅಂತ ಹೇಳಬೇಕು. ಫಲಿತಾಂಶ ಬಂದ ಮೇಲೆ ತಾಲ್ಲೂಕಿನಲ್ಲಿ ಒಂದು ಸಭೆ ಆಗುತ್ತದೆ. ಶಾಲೆಗಳ ಪಟ್ಟಿಯನ್ನು ಪರದೆಯ ಮೇಲೆ ಹಾಕುತ್ತಾರೆ, ಹಸಿರು, ಹಳದಿ, ಕೆಂಪು. ನಮ್ಮ ಕಡೆ ಅರವತ್ತರ ಕೆಳಗೆ ಬಂದವರಿಗೆ ಕೆಂಪು. ಕೆಂಪು ಬಂದ ಶಾಲೆಯ ಎಚ್ಚೆಮ್ ಎದ್ದು ನಿಂತು ಕಾರಣ ಹೇಳಬೇಕು, ಆಮೇಲೆ ಬರೆದೂ ಕೊಡಬೇಕು. ಯಾವ ವಿಷಯದಲ್ಲಿ ಮಕ್ಕಳು ಜಾಸ್ತಿ ಫೇಲಾಗಿದ್ದಾರೋ ಆ ಮೇಷ್ಟ್ರಿಗೆ ಬೇರೆ ನೋಟಿಸ್. ಗಣಿತದವನಿಗೆ ಇದರ ಬಿಸಿ ಯಾವಾಗಲೂ ಸ್ವಲ್ಪ ಜಾಸ್ತಿಯೇ.

ಹಿಂದಿನ ವರ್ಷ ನಮ್ಮದು ಶೇ 91 ಇತ್ತು. ಅದೇ ಸಭೆಯಲ್ಲಿ ನಮಗೆ ಶಾಲು ಹೊದಿಸಿದ್ದರು. ಆ ಶಾಲು ಈಗ ನಮ್ಮ ಮನೆಯಲ್ಲಿ ಇಸ್ತ್ರಿ ಮಾಡುವಾಗ ಕೆಳಗೆ ಹಾಸಲು ಉಪಯೋಗವಾಗುತ್ತಿದೆ. ಒಂದೇ ವರ್ಷದಲ್ಲಿ ಮೂವತ್ತು ಕಡಿಮೆ ಆಯಿತಲ್ಲ, ನಾವೇನು ಪಾಠ ಮಾಡುವುದನ್ನು ನಿಲ್ಲಿಸಿದ್ದೆವಾ? ಇಲ್ಲ. ಅವರೇ ಮೇಷ್ಟ್ರು, ಅದೇ ಬೋರ್ಡು, ಅದೇ ಬೆಳಗಿನ ವಿಶೇಷ ತರಗತಿ. ನಸುಕಿನಲ್ಲಿ ಮಕ್ಕಳಿಗೆ ಫೋನ್ ಮಾಡಿ "ಎದ್ದೆಯಾ?" ಅನ್ನುವುದೂ ಅದೇ. ಬದಲಾಗಿದ್ದು ಒಂದೇ. ಆ ವರ್ಷ ಪರೀಕ್ಷಾ ಕೋಣೆಗಳಿಗೆ ಸಿಸಿಟಿವಿ ಬಂತು, ವೆಬ್‌ಕಾಸ್ಟಿಂಗ್ ಬಂತು. ಕೂತಲ್ಲಿಂದಲೇ ಅಧಿಕಾರಿಗಳು ನೋಡುತ್ತಿದ್ದರು. ಅದಕ್ಕೂ ಮೊದಲು ಪರೀಕ್ಷಾ ಕೋಣೆಯಲ್ಲಿ ಏನೇನು "ಸಹಾಯ" ಆಗುತ್ತಿತ್ತು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ತಾಲ್ಲೂಕು ಸಭೆಯಲ್ಲಿ ಆ ವರ್ಷ ಎಲ್ಲರೂ ಕಾರಣ ಹೇಳಿದರು. ಗೈರುಹಾಜರಿ, ಗುಳೆ, ಪಾಲಕರ ನಿರ್ಲಕ್ಷ್ಯ, ಮೊಬೈಲ್. ಕ್ಯಾಮೆರಾ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಹಿಂದಿನ ವರ್ಷದ ಶಾಲು ವಾಪಸ್ ಕೊಡಬೇಕಾಗುತ್ತದೆ.

ರಾಜ್ಯದ ಆ 73.40 ಕೂಡ ತನ್ನ ಕಾಲ ಮೇಲೆ ನಿಂತ ಸಂಖ್ಯೆಯಲ್ಲ. ಶೇ 10 ಇದ್ದ ಗ್ರೇಸ್ ಅಂಕವನ್ನು ಆ ವರ್ಷ ಶೇ 20 ಮಾಡಿದ್ದರು. ಗ್ರೇಸ್ ಇಲ್ಲದಿದ್ದರೆ ಅರ್ಧದ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ಅದಕ್ಕೂ ಹಿಂದೆ, ಕೊರೊನಾದ 2021ರಲ್ಲಿ, ಎರಡೇ ದಿನ ಪರೀಕ್ಷೆ ಆಯಿತು. ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆಗಳು. ಹೆಚ್ಚುಕಮ್ಮಿ ಎಲ್ಲರೂ ಪಾಸು. ನಮ್ಮ ಶಾಲೆಯ ಗೋಡೆಯ ಮೇಲೆ ವರ್ಷವಾರು ಫಲಿತಾಂಶದ ಪಟ್ಟಿ ಬರೆಸಿದ್ದೇವೆ. 100, 91, 60.98 ಎಲ್ಲ ಒಂದರ ಕೆಳಗೊಂದು ಒಂದೇ ಬಣ್ಣದಲ್ಲಿ ಇವೆ. ಹೊಸಬರು ನೋಡಿದರೆ ಈ ಶಾಲೆಗೆ ಏನೋ ಕಾಯಿಲೆ ಬಂದಿರಬೇಕು ಅಂದುಕೊಳ್ಳುತ್ತಾರೆ.

ಅವತ್ತು ಎಲ್ಲರೂ ಚಹಾಕ್ಕೆ ಎದ್ದಾಗ ನಾನು ಬೀರುವಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದೆ. ಎಂಟನೇ ತರಗತಿಗೆ ಮಕ್ಕಳು ಬಂದ ಕೂಡಲೇ ಸೇತುಬಂಧ ಅಂತ ನಡೆಸುತ್ತೇವೆ. ಮೊದಲು ಒಂದು ಪರೀಕ್ಷೆ, ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಅಂತ ನೋಡಲು. ಆ ಅಂಕ ಯಾವ ಪರದೆಯ ಮೇಲೂ ಬರುವುದಿಲ್ಲ. ನಾನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಈ ಮಕ್ಕಳು ಆರನೇ ತರಗತಿಯ ಕೊನೆಯಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ, ಶಾಲೆಗಳು ಮುಚ್ಚಿದವು. ಏಳನೇ ತರಗತಿಯನ್ನು ಇವರು ಸರಿಯಾಗಿ ನೋಡಲೇ ಇಲ್ಲ. ನೇರ ಎಂಟಕ್ಕೆ, ನನ್ನ ಮುಂದೆ ಬಂದು ಕೂತರು. ಆ ದಿನದ ಅಂಕಗಳನ್ನು ನೋಡಿದರೆ ಈಗಲೂ ಹೊಟ್ಟೆ ತೊಳಸುತ್ತದೆ. 20ಕ್ಕೆ 2, 4, 1, 5. ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಭಾಗಾಕಾರ ಬರುತ್ತಿರಲಿಲ್ಲ.

ಅದರಲ್ಲಿ ಒಬ್ಬಳು ಹುಡುಗಿ. ಸೇತುಬಂಧದಲ್ಲಿ 20ಕ್ಕೆ 3. 306ನ್ನು 3ರಿಂದ ಭಾಗಿಸು ಅಂದರೆ 12 ಅನ್ನುತ್ತಿದ್ದಳು. ನಡುವಿನ ಸೊನ್ನೆ ಅವಳ ಪಾಲಿಗೆ ಲೆಕ್ಕಕ್ಕೇ ಇರಲಿಲ್ಲ. ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು ಅಂತ ಕೇಳಿದ್ದಳು. ಅದು ತಪ್ಪು ಪ್ರಶ್ನೆಯೇನಲ್ಲ. ಆ ಸೊನ್ನೆಯನ್ನು ಅದರ ಜಾಗದಲ್ಲಿ ಕೂರಿಸಲು ನಮಗಿಬ್ಬರಿಗೂ ಒಂದು ತಿಂಗಳು ಹಿಡಿಯಿತು. ಅದೇ ಹುಡುಗಿಗೆ ಈಗ ಗಣಿತದಲ್ಲಿ 52. ಬೋರ್ಡ್ ಪರೀಕ್ಷೆ, ತಲೆ ಮೇಲೆ ಕ್ಯಾಮೆರಾ, ಯಾರ ಸಹಾಯವೂ ಇಲ್ಲ. ಆದರೆ ಇಂಗ್ಲಿಷಿನಲ್ಲಿ ಗ್ರೇಸ್ ಕೂಡ ಅವಳ ಕೈ ಹಿಡಿಯಲಿಲ್ಲ. ಒಂದು ವಿಷಯ ಹೋಯಿತು ಅಂದರೆ ಶಾಲೆಯ ಲೆಕ್ಕದಲ್ಲಿ ಅವಳು ಸೊನ್ನೆ. ಬೇಡವೆಂದರೂ ನನಗೆ ಅದೇ 306 ನೆನಪಾಯಿತು.

ಇನ್ನೊಬ್ಬ ಹುಡುಗ, ನಮ್ಮ ಶಾಲೆಗೇ ಮೊದಲು, 625ಕ್ಕೆ 571. ಅವನು ಎಂಟನೇ ತರಗತಿಗೆ ಬಂದಾಗಲೇ 20ಕ್ಕೆ 18 ತೆಗೆದಿದ್ದ. ನಾನು ಇಲ್ಲದಿದ್ದರೂ ಅವನು ಇಷ್ಟು ತೆಗೆಯುತ್ತಿದ್ದ. ಪೇಪರಿನಲ್ಲಿ ಅವನ ಪಕ್ಕ ನನ್ನ ಫೋಟೋನೂ ಬಂತು, ಬೇಡ ಅನ್ನಲಿಲ್ಲ.

ನಮ್ಮೂರಿಗೆ ಹತ್ತಿರದ ಪಟ್ಟಣದ ಒಂದು ಖಾಸಗಿ ಶಾಲೆ ಅವತ್ತು ಸಂಜೆಯೊಳಗೆ ಫ್ಲೆಕ್ಸ್ ಕಟ್ಟಿತು. "ನೂರಕ್ಕೆ ನೂರು ಫಲಿತಾಂಶ." ಎರಡು ವರ್ಷದ ಹಿಂದೆ ಒಂಬತ್ತನೇ ತರಗತಿಗೆ ಮೂರು ಮಕ್ಕಳು ಅಲ್ಲಿಂದ ಟಿಸಿ ತಂದು ನಮ್ಮಲ್ಲಿ ಸೇರಿದ್ದರು. "ನಿಮ್ಮ ಮಗನಿಗೆ ಇಲ್ಲಿ ಕಷ್ಟ ಆಗ್ತದೆ, ಸರ್ಕಾರಿ ಶಾಲೆಗೆ ಹಾಕ್ರಿ" ಅಂದಿದ್ದರಂತೆ. ಆ ಮೂವರಲ್ಲಿ ಇಬ್ಬರು ನಮ್ಮ ಫೇಲಾದ 16ರಲ್ಲಿ ಇದ್ದಾರೆ. ಈ ಕತೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಸಿಟ್ಟಿನಿಂದ ಹೇಳುತ್ತಿದ್ದೆ. ಆ ವರ್ಷದ ತನಕ.

ಯಾಕೆಂದರೆ ಆ 41 ನಿಜವಾದ 41 ಅಲ್ಲ.

ನಮ್ಮ ತರಗತಿಯಲ್ಲಿ ಇದ್ದವರು 42. ಕೊನೆಯ ಬೆಂಚಿನ ಒಬ್ಬ ಹುಡುಗ ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಟ್ಟ. ಆಮೇಲೆ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ, ಕಟ್ಟಡದ ಕೆಲಸಕ್ಕೆ ಗುಳೆ ಹೋದ. ಹಾಜರಾತಿ ಶೇ 75 ಇರಬೇಕು ಅಂತ ನಿಯಮ. ಅವನದು ಕಡಿಮೆ ಬಿತ್ತು. ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವವರ ಪಟ್ಟಿ, ಕಳಿಸುವ ಹೊತ್ತಿಗೆ ಎಚ್ಚೆಮ್ ನನ್ನನ್ನು ಕೇಳಿದರು, "ಇವನನ್ನು ಏನು ಮಾಡೋಣ? ಫೋನ್ ಮಾಡಿ ಕರೆಸೋಣವಾ?" ಅರ್ಧವಾರ್ಷಿಕದಲ್ಲಿ ಅವನಿಗೆ ಗಣಿತದಲ್ಲಿ 80ಕ್ಕೆ 21 ಬಂದಿತ್ತು. ಬೋರ್ಡ್ ಪರೀಕ್ಷೆಯಲ್ಲಿ ಆಗ ಕನಿಷ್ಠ 28 ಬೇಕಿತ್ತು. ನಾನು ಸ್ವಲ್ಪ ಹೊತ್ತು ಸುಮ್ನೆ ಇದ್ದೆ. ಆಮೇಲೆ, "ಬೇಡ ಸರ್, ನಿಯಮ ನಿಯಮವೇ" ಅಂದೆ.

ನಿಯಮ ಸರಿಯೇ ಇತ್ತು. ಆದರೆ ಅದೇ ವಾರ, ಅದೇ ಹಾಜರಿ ಪುಸ್ತಕದಲ್ಲಿ, ಮೆಣಸಿನಕಾಯಿ ಬಿಡಿಸಲು ಹೋಗಿ ಅಷ್ಟೇ ದಿನ ತಪ್ಪಿಸಿದ್ದ ಒಬ್ಬ ಹುಡುಗಿಯ ಹಾಜರಾತಿಯನ್ನು ನಾವು "ಸರಿ ಮಾಡಿದ್ದೆವು". ಅವಳು ಹೇಗೂ ಪಾಸಾಗುವವಳು. ಆ ದಿನಗಳಿಗೆ ಹಾಜರಿ ಹಾಕಿದ ಪೆನ್ನು ನನ್ನದೇ. ಅವಳಿಗೆ ಮಾಡಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಖಾಸಗಿ ಶಾಲೆಯವರು ಮೂವರನ್ನು ಕಳಿಸಿದರು. ನಾವು ಒಬ್ಬನನ್ನು ಕರೆಯಲಿಲ್ಲ. ವ್ಯತ್ಯಾಸ ಇದೆ ಅಂತ ನನಗೆ ನಾನೇ ತುಂಬ ಸಲ ಹೇಳಿಕೊಂಡಿದ್ದೇನೆ.

ಗಣಿತದವನ ಕೆಟ್ಟ ಅಭ್ಯಾಸ, ಚಹಾ ಕುಡಿಯುತ್ತಾ ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕಿದೆ. ಅವನು ಬರೆದು ಫೇಲಾಗಿದ್ದರೆ 42ಕ್ಕೆ 25, ಅಂದರೆ 59.52. ಕೆಂಪು. ಎಚ್ಚೆಮ್ ಎದ್ದು ನಿಲ್ಲಬೇಕಿತ್ತು, ನನಗೆ ನೋಟಿಸ್ ಬರುತ್ತಿತ್ತು. ಅವನು ಬರೆಯಲಿಲ್ಲವಾದ್ದರಿಂದ ನಾವೆಲ್ಲ ಹಳದಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಕೈ ಕೇಳಲಿಲ್ಲ, ಇನ್ನೊಂದು ಸಾಲು ಬರೆದೆ. 80ಕ್ಕೆ 21 ಅಂದರೆ ಶೇ 26. ಶೇ 25 ಬಂದವರನ್ನೂ ಈ ಸಲ ಗ್ರೇಸ್ ದಡ ಹತ್ತಿಸಿತ್ತು. ಡಿಸೆಂಬರಿನಲ್ಲಿ ಇದು ಯಾರಿಗೆ ಗೊತ್ತಿತ್ತು? ಉಳಿದ ವಿಷಯಗಳಲ್ಲಿ ಅವನು ಅಷ್ಟೇನೂ ಕೆಟ್ಟವನಲ್ಲ. ಅವನು ಪಾಸಾಗಿದ್ದರೆ 42ಕ್ಕೆ 26. ಶೇ 61.90. ಅವನನ್ನು ಬಿಟ್ಟು ಬಂದಿದ್ದಕ್ಕಿಂತ ಜಾಸ್ತಿ.

ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಅವನೇ ನಿಂತಿದ್ದ. ಗುಳೆ ಹೋದವರೆಲ್ಲ ಮತದಾನಕ್ಕೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದರು. ಅಪ್ಪ ಅಮ್ಮನ ಜೊತೆ ಇವನೂ ಬಂದಿದ್ದ. ಆರು ತಿಂಗಳಲ್ಲಿ ಒಂದು ಗೇಣು ಬೆಳೆದಿದ್ದಾನೆ. ಅಂಗೈ ದಡ್ಡುಗಟ್ಟಿದೆ. ಗೆಳೆಯರ ರಿಜಿಸ್ಟರ್ ನಂಬರ್ ಹಾಕಿ ಫಲಿತಾಂಶ ತೆಗೆದು ಕೊಡುತ್ತಿದ್ದವನು ಅವನೇ. ಆ ಒಂದು ಮೊಬೈಲ್ ಅವನದೇ ಅಂತೆ, ದುಡಿದು ಕೊಂಡದ್ದು.

52 ತೆಗೆದ ಹುಡುಗಿ ಕಟ್ಟೆಯ ಮೇಲೆ ಅಳುತ್ತಾ ಕೂತಿದ್ದಳು. ಜೂನ್‌ನಲ್ಲಿ ಪರೀಕ್ಷೆ-2 ಇದೆ, ಇಂಗ್ಲಿಷ್ ಒಂದೇ ಬರೆದರೆ ಸಾಕು ಅಂತ ಹೇಳಿದೆ. ಬರೆದಳು, ಪಾಸೂ ಆದಳು. ಗೋಡೆಯ ಮೇಲಿನ 60.98 ಮಾತ್ರ ಹಾಗೇ ಇದೆ. ಅದು ಪರೀಕ್ಷೆ-1ರದ್ದು.

ಹುಡುಗ ನನ್ನ ಹತ್ತಿರ ಬಂದ. "ಸರ, ನಾ ಮುಂದಿನ ಸಲ ಬರಿಬಹುದೇನ್ರಿ?"

ಬರೆಯಬಹುದು, ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು ಅಂದೆ. ಖಾಸಗಿ ಅಭ್ಯರ್ಥಿ ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದೂ ಆ ಕ್ಷಣದಲ್ಲೇ ಹೊಳೆಯಿತು. ಸುಳ್ಳು ಯಾಕೆ ಹೇಳಲಿ, ಅದೇ ಮೊದಲು ಹೊಳೆದದ್ದು.

"ಗಣಿತ ಬರಂಗಿಲ್ಲ ಸರ" ಅಂದ.

ಫೋನ್ ನಂಬರ್ ಹೇಳು ಅಂದೆ. ಬರೆದುಕೊಳ್ಳಲು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಅದೇ ಹಾಳೆ. ಅದನ್ನು ಹಾಗೇ ಒಳಗೆ ತುರುಕಿ, ಸೇತುಬಂಧದ ನೋಟ್‌ಬುಕ್ ತರಲು ಕೋಣೆಗೆ ವಾಪಸ್ ಹೋದೆ. ಅವನ ಹೆಸರಿನ ಮುಂದೆ ಎಂಟನೇ ತರಗತಿಯ ಅಂಕ ಇತ್ತು, 20ಕ್ಕೆ 1. ಅದರ ಪಕ್ಕ 80ಕ್ಕೆ 21 ಅಂತ ಬರೆದೆ. ಅದರ ಪಕ್ಕ ನಂಬರ್ ಬರೆದುಕೊಂಡೆ.