ಸೀಡ್ ಫಂಡ್ ಅಪ್ಲಿಕೇಶನ್‌ಗಳನ್ನ ನಾನೀಗ ಕೊನೇ ಪೇಜಿಂದ ಓದ್ತೀನಿ

ನನ್ನ ಕೆಲ್ಸ ಏನು ಅಂತ ಮನೇಲಿ ಇನ್ನೂ ಯಾರಿಗೂ ಸರಿಯಾಗಿ ಅರ್ಥ ಆಗಿಲ್ಲ. ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಇನ್ನೋವೇಶನ್ ಸೆಲ್ ಅಂತ ಒಂದಿರುತ್ತೆ, ಅದ್ರಲ್ಲಿ ಕೋಆರ್ಡಿನೇಟರ್ ನಾನು. ವರ್ಷಕ್ಕೊಂದು ಸಲ ಐಡಿಯಾ ಕಾಂಪಿಟಿಷನ್ ಮಾಡ್ತೀವಿ, ಆಯ್ಕೆಯಾದ ಟೀಮ್‌ಗಳಿಗೆ ಸೀಡ್ ಫಂಡ್, ಅಂದ್ರೆ ಐಡಿಯಾನ ಮಾಡಿ ನೋಡೋಕೆ ಶುರುವಿನ ಹಣ, ಕೊಡ್ತೀವಿ, ಅಪ್ಲಿಕೇಶನ್ ತಗೊಳ್ಳೋದ್ರಿಂದ ಹಿಡಿದು ಕೊನೇ ಬಿಲ್ ಸೆಟ್ಲ್ ಆಗೋ ತನಕ ಎಲ್ಲಾ ನನ್ನ ತಲೆ ಮೇಲೆ. ಏಳು ವರ್ಷ ಆಯ್ತು. ಮೊನ್ನೆ ಬೇರೆ ಕ್ಯಾಂಪಸ್‌ನಲ್ಲಿ ಹೊಸದಾಗಿ ಇದೇ ಕೆಲ್ಸಕ್ಕೆ ಸೇರಿದವ್ರೊಬ್ರು ಫೋನ್ ಮಾಡಿ ಏನಾದ್ರೂ ಟಿಪ್ಸ್ ಕೊಡಿ ಮೇಡಂ ಅಂದ್ರು, ಅಪ್ಲಿಕೇಶನ್‌ನ ಕೊನೇ ಪೇಜಿಂದ ಓದಿ ಅಂದೆ, ಕೊನೇ ಪೇಜ್ ಅಂದ್ರೆ ಬಜೆಟ್. ಅವ್ರು ತಮಾಷೆ ಅಂದ್ಕೊಂಡ್ರು. ಅದಕ್ಕೇ ಇದನ್ನ ಉದ್ದಕ್ಕೆ ಬರೀತಿದ್ದೀನಿ.

ಶುರುವಿನಲ್ಲಿ ನಾನೂ ಎಲ್ಲರ ಥರಾನೇ ಓದ್ತಿದ್ದೆ. ಮೊದ್ಲು ಟೈಟಲ್, ಆಮೇಲೆ ಸಮಸ್ಯೆ ಏನು, ಪರಿಹಾರ ಏನು, ಮಾರ್ಕೆಟ್ ಎಷ್ಟು ದೊಡ್ಡದು, ಟೀಮಲ್ಲಿ ಯಾರ್ಯಾರಿದ್ದಾರೆ, ಬಜೆಟ್‌ಗೆ ಬರೋಷ್ಟರಲ್ಲಿ ಕಣ್ಣು ಸುಸ್ತಾಗಿ ಒಟ್ಟು ಮೊತ್ತ ಲಿಮಿಟ್ ಒಳಗಿದ್ಯಾ ಅಂತ ಅಷ್ಟೇ ನೋಡಿ ಟಿಕ್ ಹಾಕೋದು. ನೂರು ಚಿಲ್ಲರೆ ಅಪ್ಲಿಕೇಶನ್ ಮುಂದಿದ್ರೆ ಯಾರಾದ್ರೂ ಅದನ್ನೇ ಮಾಡ್ತಾರೆ ಬಿಡಿ.

ಮೂರನೇ ವರ್ಷದ ಕಥೆ ಇದು. ಆ ವರ್ಷ ಫಸ್ಟ್ ಬಂದ ಟೀಮ್ ಸ್ಟೇಜ್ ಮೇಲೆ ನಿಂತ್ರೆ ಕಣ್ಣು ಕೀಳೋಕೆ ಆಗ್ತಿರ್ಲಿಲ್ಲ. ಸ್ಲೈಡ್‌ಗಳು ಒಂದಕ್ಕಿಂತ ಒಂದು ಚೆನ್ನ, ಪ್ರಶ್ನೆ ಕೇಳಿದ್ರೆ ಪಟ್ ಅಂತ ಉತ್ತರ, ಜಡ್ಜ್‌ಗಳು ನಗ್ತಾ ನಗ್ತಾ ಮಾರ್ಕ್ಸ್ ಹಾಕಿದ್ರು. ಅವರ ಬಜೆಟ್‌ನಲ್ಲಿ ಇದ್ದಿದ್ದು ಮೂರೇ ಸಾಲು: ಡೆವಲಪ್‌ಮೆಂಟ್ 50 ಪರ್ಸೆಂಟ್, ಮಾರ್ಕೆಟಿಂಗ್ 30, ಇತರೆ 20. ನಮ್ಮಲ್ಲಿ ಯಾರೊಬ್ರೂ, ನಾನೂ ಸೇರಿ, ಅದನ್ನ ನೋಡಿ ಹುಬ್ಬೇರಿಸ್ಲಿಲ್ಲ.

ಏಳನೇ ಸ್ಥಾನದಲ್ಲಿ ಇಬ್ರೇ ಇದ್ದ ಒಂದು ಟೀಮ್ ಇತ್ತು. ಬಯಾಲಜಿ ಲ್ಯಾಬ್‌ನಲ್ಲಿ ಸ್ಯಾಂಪಲ್ ಇಡೋ ಡೀಪ್ ಫ್ರೀಜರ್ ಇರುತ್ತಲ್ಲ, ಮೈನಸ್ 80 ಡಿಗ್ರಿದು, ಅದು ರಾತ್ರಿ ಕೆಟ್ಟು ನಿಂತ್ರೆ ಬೆಳಿಗ್ಗೆ ತನಕ ಯಾರಿಗೂ ಗೊತ್ತಾಗಲ್ಲ, ಅಷ್ಟೊತ್ತಿಗೆ ಒಬ್ಬರ ಮೂರ್ನಾಲ್ಕು ವರ್ಷದ ಪಿಎಚ್‌ಡಿ ಕೆಲ್ಸ ಕರಗಿ ನೀರಾಗಿರುತ್ತೆ. ಇವ್ರದ್ದು ಟೆಂಪರೇಚರ್ ಏರಿದ್ರೆ ಮೆಸೇಜ್ ಕಳ್ಸೋ ಒಂದು ಸಣ್ಣ ಡಬ್ಬಿ. ಪಿಚ್, ಅಂದ್ರೆ ಜಡ್ಜ್‌ಗಳ ಮುಂದೆ ಐಡಿಯಾ ವಿವರಿಸೋದು, ಅದು ಮಾತ್ರ ದೇವರಿಗೇ ಪ್ರೀತಿ. ಹುಡುಗಿ ಕಾಗದ ನೋಡ್ಕೊಂಡು ಓದಿದ್ಲು, ಹುಡುಗ ಅಷ್ಟೂ ಹೊತ್ತು ಡಬ್ಬೀನ ಎದೆಗವಚಿಕೊಂಡು ನಿಂತಿದ್ದ. ಇದನ್ನ ಕೊಂಡ್ಕೊಳೋಕೂ ಸಿಗುತ್ತಲ್ಲಮ್ಮಾ, ಹೊಸದೇನಿದೆ ಅಂತ ಒಬ್ಬ ಜಡ್ಜ್ ಕೇಳಿದ್ದಕ್ಕೆ ಇಬ್ರೂ ಮುಖಮುಖ ನೋಡ್ಕೊಂಡ್ರು. ಫಂಡ್ ಇದ್ದಿದ್ದು ಆರು ಟೀಮ್‌ಗೆ, ಇವ್ರು ವೇಟಿಂಗ್ ಲಿಸ್ಟ್‌ಗೆ ಹೋದ್ರು.

ಆರರಲ್ಲಿ ಒಂದು ಟೀಮ್‌ನವ್ರಿಗೆ ಕೆಲ್ಸ ಸಿಕ್ಕಿ ಬಿಟ್ಟು ಹೋದಾಗ್ಲೇ ವೇಟಿಂಗ್ ಲಿಸ್ಟ್‌ನಲ್ಲಿದ್ದ ಇವ್ರ ಫೈಲ್ ನಾನು ಮತ್ತೆ ತೆಗೆದಿದ್ದು. ಪೇಪರ್‌ವರ್ಕ್‌ಗೆ ಅಂತ ಸೀದಾ ಬಜೆಟ್ ಪೇಜ್ ತೆಗೆದೆ. ಮೊದಲ ಸಾಲು: ಟೆಂಪರೇಚರ್ ಪ್ರೋಬ್, ಅಂದ್ರೆ ಫ್ರೀಜರ್ ಒಳಗಿಡೋ ಸೆನ್ಸರ್, 14. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ, ಬೇಕಿರೋದು 8, ಡೀಪ್ ಫ್ರೀಜರ್ ಚಳಿಗೆ 3 ಹೋಗುತ್ತೆ ಅಂತ ಲೆಕ್ಕ, ಇನ್ನು 3 ರೀಡಿಂಗ್ ಹೋಲಿಸಿ ನೋಡೋಕೆ. ಕೆಳಗೆ ಇನ್ನೊಂದು ಸಾಲು: ಆರು ತಿಂಗಳಿಗೆ ಎಸ್ಸೆಮ್ಮೆಸ್ ಪ್ಯಾಕ್. ಆ್ಯಪ್ ಯಾಕಿಲ್ಲ ಅಂತ ಕರೆದು ಕೇಳ್ದೆ. ಹುಡುಗ ಹೇಳಿದ್ದು, ಮೇಡಂ, ರಾತ್ರಿ ಎರಡು ಗಂಟೆಗೆ ಆ ಬಿಲ್ಡಿಂಗ್‌ನಲ್ಲಿ ಎಚ್ಚರ ಇರೋದು ಸೆಕ್ಯೂರಿಟಿ ಅವ್ರು ಒಬ್ರೇ, ಅವರ ಹತ್ರ ಇರೋದು ಬಟನ್ ಫೋನ್.

ನಾನು ಸ್ವಲ್ಪ ಹೊತ್ತು ಸುಮ್ನೆ ಕೂತ್ಬಿಟ್ಟೆ. ಮೂವತ್ತು ಪುಟದ ಅಪ್ಲಿಕೇಶನ್‌ಗಳಲ್ಲಿ ಕಸ್ಟಮರ್ ಅನ್ನೋ ಪದ ಐವತ್ತು ಸಲ ಇರುತ್ತೆ, ಆದ್ರೆ ಕಸ್ಟಮರ್ ಕೈಯಲ್ಲಿ ಯಾವ ಫೋನಿದೆ ಅಂತ ಯಾರೂ ಬರೆದಿರಲ್ಲ. ಇವ್ರು ರಾತ್ರಿ ಹೋಗಿ ನೋಡ್ಕೊಂಡು ಬಂದಿದ್ರು, ಆದ್ರೆ ಅದನ್ನ ಪಿಚ್‌ನಲ್ಲಿ ಹೇಳ್ಬೇಕು ಅಂತ ಅವ್ರಿಗೆ ಹೊಳೆದೇ ಇರ್ಲಿಲ್ಲ, ಅದು ಹೇಳೋವಂಥ ವಿಷ್ಯ ಅಂತಾನೇ ಅನ್ಸಿರ್ಲಿಲ್ಲ ಪಾಪ.

ಡಬ್ಬಿ ಹಾಕಿ ಎರಡೂವರೆ ತಿಂಗಳಿಗೆ ಒಂದಿನ ರಾತ್ರಿ ಕಂಪ್ರೆಸರ್ ನಿಂತೋಯ್ತು, ಮೆಸೇಜ್ ಬಂತು, ಸೆಕ್ಯೂರಿಟಿಯವ್ರು ಬಾಗಿಲ ಮೇಲೆ ಅಂಟಿಸಿದ್ದ ನಂಬರ್‌ಗೆ ಫೋನ್ ಹಚ್ಚಿದ್ರು, ಲ್ಯಾಬ್‌ನವ್ರು ಓಡಿ ಬಂದು ಸ್ಯಾಂಪಲ್ ಎಲ್ಲಾ ಪಕ್ಕದ ಫ್ರೀಜರ್‌ಗೆ ಹಾಕಿದ್ರು. ಮಾರನೇ ವಾರ ಇನ್ನೆರಡು ಲ್ಯಾಬ್‌ನವ್ರು ನಮಗೂ ಬೇಕು ಅಂತ ಬಂದ್ರು. ಅತ್ಲಾಗೆ ಫಸ್ಟ್ ಬಂದ ಟೀಮ್ ಎರಡನೇ ಕಂತು ಕೇಳೋಕೂ ಬರ್ಲಿಲ್ಲ, ಹಣ ಹಾಗೇ ಉಳಿದು ವರ್ಷದ ಕೊನೇಲಿ ವಾಪಸ್ ಹೋಯ್ತು. ಅವ್ರು ಕೆಟ್ಟವ್ರಲ್ಲ, ನಾವು ಕೇಳಿದ್ದು ಮಾತು, ಅವ್ರು ಮಾತು ಕೊಟ್ರು.

ಈ ಥರದ ಸ್ಪರ್ಧೆಗಳ ಹಿಸ್ಟರಿ ನೋಡಿದ್ರೆ ಇದ್ರಲ್ಲಿ ಆಶ್ಚರ್ಯ ಏನಿಲ್ಲ. 1984ರಲ್ಲಿ ಟೆಕ್ಸಾಸ್ ಯೂನಿವರ್ಸಿಟಿ ಆಸ್ಟಿನ್ ಕ್ಯಾಂಪಸ್‌ನ ಎಂಬಿಎ ಹುಡುಗರು ಮೂಟ್ ಕಾರ್ಪ್ ಅಂತ ಶುರು ಮಾಡಿದ್ರು, ಲಾ ಕಾಲೇಜಲ್ಲಿ ಅಣಕು ಕೋರ್ಟ್ ಮಾಡ್ತಾರಲ್ಲ, ಮೂಟ್ ಕೋರ್ಟ್, ಅದೇ ಮಾದರಿಯಲ್ಲಿ ಅಣಕು ಕಂಪನಿ. ವಾದ ಮಾಡಿ ಗೆಲ್ಲೋ ಆಟದಿಂದ ಹುಟ್ಟಿದ ಫಾರ್ಮ್ಯಾಟ್ ಇದು, ವಾದ ಚೆನ್ನಾಗಿ ಮಾಡೋರು ಗೆಲ್ತಾರೆ. ಅಮೆರಿಕದ ಎಂಐಟಿಯಲ್ಲಿ 1990ರಲ್ಲಿ 10 ಸಾವಿರ ಡಾಲರ್ ಬಹುಮಾನದಿಂದ ಶುರುವಾದ ಸ್ಪರ್ಧೆ ಆಮೇಲೆ 50 ಸಾವಿರ, ಆಮೇಲೆ 1 ಲಕ್ಷ ಡಾಲರ್ ಆಯ್ತು. 1998ರಲ್ಲಿ ಅದ್ರ ಫೈನಲ್‌ವರೆಗೂ ಬಂದು ಮೊದಲ ಬಹುಮಾನ ಸಿಗದೇ ಹೋದ ಟೀಮ್ ಒಂದಿತ್ತು, ಟಾಮ್ ಲೇಟನ್, ಡ್ಯಾನಿ ಲೆವಿನ್ ಅವ್ರದ್ದು. ಅದೇ ಮುಂದೆ ಅಕಾಮೈ ಆಯ್ತು, ಇಂಟರ್ನೆಟ್‌ನಲ್ಲಿ ವಿಡಿಯೋ, ಫೋಟೋ ಎಲ್ಲಾ ಬೇಗ ತಲುಪಿಸೋ ದೊಡ್ಡ ಕಂಪನಿ. ಸೋತ ಟೀಮ್‌ಗಳಿಗೆ ಪ್ರತೀ ವರ್ಷ ಈ ಕಥೆ ಹೇಳ್ತೀನಿ, ಪ್ರತೀ ವರ್ಷಾನೂ ಯಾರ ಮುಖಾನೂ ಅರಳಲ್ಲ. ಅವತ್ತು ಸಂಜೆ ಯಾರಿಗೂ ಅಕಾಮೈ ಬೇಕಿರಲ್ಲ, ಚೆಕ್ ಬೇಕಿರುತ್ತೆ.

ಫ್ರೀಜರ್ ಕಥೆ ಆದ್ಮೇಲೆ ಅಪ್ಲಿಕೇಶನ್ ಫಾರ್ಮ್ ಬದಲಾಯಿಸ್ದೆ. ಸಂಶೋಧನೆಗೆ ಹಣ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನವ್ರು 2011ರಲ್ಲಿ ಐ-ಕಾರ್ಪ್ಸ್ ಅಂತ ಸಂಶೋಧಕರಿಗೆ ಒಂದು ಟ್ರೇನಿಂಗ್ ಶುರು ಮಾಡಿದ್ರು, ಅದ್ರಲ್ಲಿ ಏಳು ವಾರದಲ್ಲಿ ತಮ್ಮ ಐಡಿಯಾ ಬಳಸಬಹುದಾದ 100 ಜನರ ಹತ್ರ ಹೋಗಿ ಮಾತಾಡ್ಲೇಬೇಕು, ಲ್ಯಾಬ್‌ನಿಂದ ಹೊರಗೆ ಬರ್ಲೇಬೇಕು ಅನ್ನೋದೇ ಅದ್ರ ಹೂರಣ. ನಮ್ಮ ಹುಡುಗರಿಗೆ ಕ್ಲಾಸು, ಎಕ್ಸಾಮ್ ಎಲ್ಲಾ ಇರೋದ್ರಿಂದ 100 ಆಗದ ಮಾತು, 15 ಅಂತ ಇಟ್ವಿ. ಮೊದಲ ವರ್ಷಾನೇ ಫಜೀತಿ. ಹದಿನೈದೂ ಹಾಸ್ಟೆಲ್ ಫ್ರೆಂಡ್ಸ್, ಹದಿನೈದೂ ಜನ ಸೂಪರ್ ಐಡಿಯಾ ಅಂದಿದ್ದಾರೆ. ಈಗ ಕೇಳೋದು, ನಿಮ್ಮ ಐಡಿಯಾ ಬೇಡ ಅಂದವ್ರು ಯಾರು, ಅವ್ರು ಏನಂದ್ರು ಅಂತ. ಇಲ್ಲಿ ಸುಳ್ಳು ಬರೆಯೋದು ಕಷ್ಟ, ಬರೆದ್ರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತಾರೆ.

ಬಜೆಟ್ ಪೇಜನ್ನೂ ಬದಲಾಯಿಸಿದ್ವಿ. ಹಣ ಬಂದ ಮೊದಲ ಹತ್ತು ದಿನದಲ್ಲಿ ಏನೇನು ತಗೋತೀರಿ ಅಂತ ಒಂದು ಕಾಲಂ. ಕೆಲ್ಸ ಶುರು ಮಾಡಿ ಎಲ್ಲೋ ಸಿಕ್ಕಾಕೊಂಡಿರೋ ಟೀಮ್ ಇದನ್ನ ಐದು ನಿಮಿಷದಲ್ಲಿ ತುಂಬುತ್ತೆ, ಯಾಕಂದ್ರೆ ಅವ್ರು ಆ ವಸ್ತುವಿಗೇ ಕಾಯ್ತಾ ಇರ್ತಾರೆ. ಶುರುನೇ ಮಾಡದವ್ರು ಲ್ಯಾಪ್‌ಟಾಪ್ ಅಂತ ಬರೀತಾರೆ. ಲ್ಯಾಪ್‌ಟಾಪ್ ಕೇಳಿದವ್ರನ್ನೆಲ್ಲಾ ತೆಗೆದುಹಾಕ್ತೀನಿ ಅಂತಲ್ಲ, ಆದ್ರೆ ಅವ್ರನ್ನ ಕರೆದು ಕೂರಿಸಿ ಕೇಳ್ತೀನಿ.

ಮಾರ್ಕ್ಸ್ ವಿಷ್ಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಒಬ್ಬ ಜಡ್ಜ್ ಎಲ್ಲರಿಗೂ 7, 8, 9 ಹಾಕ್ತಾರೆ, ಇನ್ನೊಬ್ರು 2ರಿಂದ 9ರ ತನಕ ಓಡಾಡ್ತಾರೆ, ಸರಾಸರಿ ತೆಗೆದ್ರೆ ಎರಡನೆಯವ್ರು ಒಬ್ರೇ ರಿಸಲ್ಟ್ ನಿರ್ಧಾರ ಮಾಡಿದ ಹಾಗೆ. ಈಗ ಪ್ರತಿ ಜಡ್ಜ್‌ನ ಮಾರ್ಕ್ಸನ್ನ ಒಂದು, ಎರಡು, ಮೂರು ಅಂತ ರ‍್ಯಾಂಕ್ ಮಾಡಿಕೊಂಡು ಆ ರ‍್ಯಾಂಕ್‌ಗಳನ್ನ ಕೂಡಿಸ್ತೀವಿ. ಆಮೇಲೆ ಬೆಳಿಗ್ಗೆ ಮೊದಲು ಬರೋ ಟೀಮ್‌ಗೆ ನಮ್ಮಲ್ಲಿ ಯಾವಾಗ್ಲೂ ಮಾರ್ಕ್ಸ್ ಕಮ್ಮಿ, ಮುಂದೆ ಇನ್ನೂ ಒಳ್ಳೇದು ಬರ್ಬಹುದು ಅಂತ ಜಡ್ಜ್‌ಗಳು ಕೈ ಬಿಗಿ ಹಿಡಿದಿರ್ತಾರೆ, ಅದಕ್ಕೆ ಎಲ್ಲಾ ಪಿಚ್ ಮುಗಿಯೋ ತನಕ ಶೀಟ್‌ನಲ್ಲಿ ಪೆನ್ಸಿಲ್‌ನಲ್ಲೇ ಬರೀಬೇಕು ಅಂತ ಮಾಡಿದ್ದೀವಿ.

ನಾನೇ ಎಡವಿದ್ದೂ ಇದೆ. ಒಂದು ವರ್ಷ ಡೆಮೋ ದಿನ ಹಾಲ್ ತುಂಬಾ ಪೋಸ್ಟರ್, ಹೊರಗಿನವ್ರಿಗೂ ಪ್ರವೇಶ, ನಾನೋ ಖುಷಿಯಿಂದ ಎಲ್ಲದರ ಫೋಟೋ ತೆಗೀತಿದ್ದೆ. ಒಬ್ಬ ಮೆಂಟರ್ ಬಂದು ಒಂದು ಪೋಸ್ಟರ್ ಮುಂದೆ ನಿಂತು, ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದೀರಾ ಅಂದ್ರು. ಇಲ್ಲ. ಪೂರ್ತಿ ಸರ್ಕ್ಯೂಟ್ ಡ್ರಾಯಿಂಗ್ ಅಳತೆ ಸಮೇತ ಅಲ್ಲಿತ್ತು. ಅರ್ಜಿ ಹಾಕೋಕೆ ಮುಂಚೆ ಸಾರ್ವಜನಿಕವಾಗಿ ತೋರಿಸಿಬಿಟ್ರೆ ಯುರೋಪಿನಲ್ಲಿ ಹೊಸತನ ಹೋಯ್ತು ಅಂತಾನೇ ಲೆಕ್ಕ, ಪೇಟೆಂಟ್ ಸಿಗಲ್ಲ, ಅಮೆರಿಕದಲ್ಲಿ ಕಂಡುಹಿಡಿದವ್ರೇ ತೋರಿಸಿದ್ರೆ ಒಂದು ವರ್ಷ ಟೈಮ್ ಸಿಗುತ್ತೆ, ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಪೋಸ್ಟರ್ ಕಿತ್ತು ಸುರುಳಿ ಸುತ್ತಿ ನನ್ನ ಟೇಬಲ್ ಕೆಳಗೆ ತಳ್ಳಿದೆ, ಅಷ್ಟರಲ್ಲಿ ಬೆಳಿಗ್ಗೆಯಿಂದ ಎಷ್ಟು ಜನ ನೋಡಿದ್ರೋ ನೋಡಿದ್ರು. ಈಗ ಪೋಸ್ಟರ್ ಪ್ರಿಂಟ್‌ಗೆ ಹೋಗೋ ಮುಂಚೆ ಒಬ್ರು ಕೂತು, ಏನು ಮಾಡುತ್ತೆ ಅಂತ ಇರ್ಲಿ, ಹೇಗೆ ಮಾಡುತ್ತೆ ಅನ್ನೋದು ಬೇಡ ಅಂತ ಹೊಡೆದು ಹಾಕ್ತಾರೆ.

ಇನ್ನು ಹಣ ಬಿಡುಗಡೆ. ಇದ್ರ ಬಗ್ಗೆ ಬರೆದ್ರೆ ನನ್ನ ಬಿಪಿ ಏರುತ್ತೆ. ಬಹುಮಾನ ಘೋಷಣೆ ಒಂದು ಸಂಜೇಲಿ ಮುಗಿಯುತ್ತೆ, ಹಣ ಕೈಗೆ ಬರೋಕೆ ಮೂರು ಕೊಟೇಶನ್, ಪರ್ಚೇಸ್ ಕಮಿಟಿ, ಕಮಿಟಿಗೆ ಕೋರಂ ಇಲ್ಲ, ಅಂದ್ರೆ ಬೇಕಾದಷ್ಟು ಜನ ಬಂದಿಲ್ಲ, ಮುಂದಿನ ತಿಂಗಳು. ಒಂದು ಟೀಮ್‌ಗೆ ಮೋಟರ್ ಬಂದು ತಲುಪಿದಾಗ ಅವ್ರ ಕಾನ್ವೊಕೇಶನ್ ಮುಗಿದಿತ್ತು, ಆ ಬಾಕ್ಸ್ ಸೀಲ್ ಕೂಡ ಒಡೆಯದೆ ನಮ್ಮ ಬೀರುವಿನಲ್ಲಿ ಬಹಳ ದಿನ ಇತ್ತು. ಜಗಳ ಆಡಿ ಆಡಿ ಕೊನೆಗೆ ಒಪ್ಪಿಸಿದ್ದು ಇಷ್ಟು: ಒಟ್ಟು ಹಣದಲ್ಲಿ ಐದನೇ ಒಂದು ಭಾಗ ಹತ್ತೇ ದಿನದಲ್ಲಿ ಅಡ್ವಾನ್ಸ್ ಆಗಿ ಕೈಗೆ, ಬಿಲ್ ಆಮೇಲೆ. ಆ ಹತ್ತು ದಿನದ ಕಾಲಂ ನೋಡಿ ಅಕೌಂಟ್ಸ್‌ನವ್ರೂ ಒಪ್ಕೊಂಡ್ರು, ಏನು ತಗೋತಾರೆ ಅಂತ ಮೊದ್ಲೇ ಬರೆದು ಕೊಟ್ಟಿದ್ದಾರಲ್ಲ.

ಉಳಿದಿದ್ದು ಕಂತಿನಲ್ಲಿ. ಇಲ್ಲೂ ಒಂದ್ಸಲ ಅತಿಬುದ್ಧಿ ಮಾಡ್ದೆ. ಎರಡನೇ ಕಂತಿಗೆ ವರ್ಕಿಂಗ್ ಪ್ರೋಟೋಟೈಪ್, ಅಂದ್ರೆ ಕೆಲ್ಸ ಮಾಡೋ ಮಾದರಿ, ತೋರಿಸ್ಲೇಬೇಕು ಅಂತ ರೂಲ್. ಒಂದು ಟೀಮ್ ಚೆಂದದ ಪೆಟ್ಟಿಗೆ ತಂದ್ರು, ಮೇಲೆ ಹಸಿರು ಲೈಟ್ ಮಿನುಗ್ತಿದೆ. ಒಳಗೆ ನೋಡ್ಬಹುದಾ ಅಂದೆ. ಸ್ಕ್ರೂ ಡ್ರೈವರ್ ತಂದಿಲ್ಲ ಮೇಡಂ. ನನ್ನ ಡ್ರಾಯರ್‌ನಲ್ಲಿತ್ತು, ಕೊಟ್ಟೆ. ಒಳಗೆ ಒಂದು ಬ್ಯಾಟರಿ, ಒಂದು ಲೈಟ್, ಅಷ್ಟೇ. ಅವ್ರನ್ನ ಬಯ್ಯೋಕೆ ಬಾಯಿ ಬರ್ಲಿಲ್ಲ, ಕೆಲ್ಸ ಮಾಡೋ ಹಾಗೆ ಕಾಣೋದನ್ನ ತನ್ನಿ ಅಂತ ಹೇಳಿದ್ದು ನಾನೇ ಅಲ್ವಾ. ಈಗ ಎರಡನೇ ಕಂತಿಗೆ ಕೇಳೋದು ಟೆಸ್ಟ್ ಮಾಡಿದ ನೋಟ್‌ಬುಕ್, ಕೆಟ್ಟಿದ್ದು ಏನೇನು, ಯಾವ ದಿನ. ಏನೂ ಕೆಟ್ಟಿಲ್ಲ ಅಂತ ಬಂದ್ರೆ ನನಗೆ ಅನುಮಾನ ಶುರು.

ಫ್ರೀಜರ್ ಡಬ್ಬಿ ಇನ್ನೂ ಇದೆ. ಆ ಇಬ್ರೂ ಓದು ಮುಗಿಸಿ ಹೋದ್ರು. ಎರಡು ವರ್ಷದ ಹಿಂದೆ ಸೆಕ್ಯೂರಿಟಿಯವ್ರು ಬದಲಾದ್ರು, ಡಬ್ಬಿಯೊಳಗಿನ ನಂಬರ್ ಬದಲಾಯಿಸ್ಬೇಕು ಅಂತ ಯಾರಿಗೂ ನೆನಪಾಗ್ಲಿಲ್ಲ, ಅಲಾರಂ ಮೆಸೇಜ್‌ಗಳು ಸುಮಾರು ಎರಡು ತಿಂಗಳು ರಿಟೈರ್ ಆಗಿ ಮನೇಲಿದ್ದ ಹಳಬರ ಫೋನ್‌ಗೇ ಹೋಗ್ತಿತ್ತು. ಕೊನೆಗೆ ಅವರೇ ಬೇಜಾರಾಗಿ ಫೋನ್ ಮಾಡಿ, ಮೇಡಂ ನಿಮ್ಮ ಫ್ರೀಜರ್ ಬಾಗಿಲು ಯಾರೋ ಸರಿಯಾಗಿ ಹಾಕ್ತಿಲ್ಲ ನೋಡಿ ಅಂದ್ರು. ಅವತ್ತಿಂದ ಬಜೆಟ್ ಪೇಜ್‌ನಲ್ಲಿ ಇನ್ನೊಂದು ಕಾಲಂ ಸೇರಿಸಿದ್ದೀನಿ, ನೀವು ಕ್ಯಾಂಪಸ್ ಬಿಟ್ಟ ಮೇಲೆ ಇದನ್ನ ಯಾರು ನೋಡ್ಕೋತಾರೆ ಅಂತ. ಮುಕ್ಕಾಲು ಜನ ಖಾಲಿ ಬಿಡ್ತಾರೆ. ಈ ಸಲ ಒಂದು ಟೀಮ್ ನನ್ನನ್ನ ಒಂದು ಮಾತೂ ಕೇಳದೆ ನನ್ನ ಹೆಸರು, ನನ್ನ ಎಕ್ಸ್‌ಟೆನ್ಶನ್ ನಂಬರ್ ಬರೆದು ಕಳ್ಸಿದ್ದಾರೆ.