ಮಡಚಾಕ ಬರಲ್ಲ, ತಿರುಗಿಸಾಕ ಬರ್ತೈತಿ

ಬಳ್ಳಾರಿ ಬಿಸಿಲಾಗ ಕರೆಂಟ್ ಹೋದ್ರ ಓದೋದೇನು ಬರೆಯೋದೇನು, ಆದ್ರ ನಿನ್ನೆ ಅಣ್ಣನ ಮಗಳು ನಿಲ್ಲಾಕತ್ತಿದ್ದ ಫ್ಯಾನ್ ನೋಡಿ "ಕಾಕಾ, ಇದರ ಆರ್ಡರ್ 3 ಹೌದಲ್ಲ?" ಅಂದ್ಲು. ಹೌದು, ಮೂರು ರೆಕ್ಕಿ, 120 ಡಿಗ್ರಿ ತಿರುಗಿದ್ರ ಮತ್ತ ಹಂಗ ಕಾಣ್ತೈತಿ, ಒಂದು ಸುತ್ತಿನ್ಯಾಗ ಮೂರು ಸಲ, ಅದಕ್ಕ ಆರ್ಡರ್ 3, ರೊಟೇಷನಲ್ ಸಿಮಿಟ್ರಿ (ತಿರುಗಿಸೋ ಸಮಮಿತಿ) ಅಂದ್ರ ಇಷ್ಟ. ಚೌಕಕ್ಕ 90, ಅಶೋಕ ಚಕ್ರಕ್ಕ 24 ಅರ ಇರೋದ್ರಿಂದ 15 ಡಿಗ್ರಿ ಸಾಕು.

ನಂಗ ಖರೇ ಮಜಾ ಅನ್ಸೋದು ಸಮಾಂತರ ಚತುರ್ಭುಜ (ಆಯತ, ವಜ್ರಾಕೃತಿ ಬಿಟ್ಟು ಹೇಳಾಕತ್ತೀನಿ ಮತ್ತ). ರಟ್ಟಿನ್ಯಾಗ ಕತ್ತರಿಸಿ ಹೆಂಗ ಮಡಚಿದ್ರೂ ಒಂದು ಮೂಲಿ ಹೊರಗ ಇಣುಕತೈತಿ, ಕನ್ನಡಿ ಗೆರಿ ಒಂದೂ ಇಲ್ಲ, ಅದ ರಟ್ಟಿಗೆ ಕರ್ಣಗಳು ಕೂಡೋ ಕಡೆ ಗುಂಡುಪಿನ್ ಚುಚ್ಚಿ 180 ಡಿಗ್ರಿ ತಿರುಗಿಸ್ರಿ, ಕೆಳಗ ಪೆನ್ಸಿಲ್‌ಲೆ ಬರೆದಿದ್ದ ಗೆರಿ ಮ್ಯಾಲೆ ಕರೆಕ್ಟಾಗಿ ಬಂದು ಕುಂದರತೈತಿ. ಸಮಮಿತಿ ಅಂದ್ರ ಮಡಚೋದಷ್ಟ ಅಂತ ಮೊದಲಿಗೆ ಕಲಿಸಿಬಿಡ್ತಾರಲ್ಲ, ಅಲ್ಲೇ ಹುಡುಗರಿಗೆ ಗೊಂದಲ ಸುರು ಆಗ್ತೈತಿ ಅನ್ಸತೈತಿ.

"ಹಂಗಾರ ವೃತ್ತದ ಆರ್ಡರ್ ಎಷ್ಟು?" ಅಂದ್ಲು. ಎಷ್ಟು ತಿರುಗಿಸಿದ್ರೂ ಅದ, ಲೆಕ್ಕ ಇಲ್ಲ, ಅನಂತ ಅಂದೆ. "ಪರೀಕ್ಷಾದಾಗ ಅನಂತ ಅಂತ ಬರೆದ್ರ ಮಾರ್ಕ್ಸ್ ಕೊಡ್ತಾರನು?"